ವಿಝಾರ್ಡ್ ಒಬ್ಬನೇ ಗೆಲ್ಲುತ್ತಿದ್ದಾನಾ? ಡಿ ಅಂಡ್ ಡಿ ಆಟದಲ್ಲಿ ಕ್ಲಾಸ್ ಸಮತೋಲನದ ದೋಷ ಪತ್ತೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಮೇಜಿನ ಸುತ್ತ ಕೂತು ಡೈಸ್ ಹಾಕಿ ಆಡುವ ಕಥೆಯಾಟ. ಪ್ರತಿ ಆಟಗಾರರೂ ಒಂದು ಕ್ಲಾಸಿನ, ಅಂದರೆ ಒಂದು ಬಗೆಯ ಸಾಹಸಿಯ ಪಾತ್ರ ಆಡುತ್ತಾರೆ: ವಿಝಾರ್ಡ್ ಅಂದರೆ ಮಂತ್ರವಾದಿ, ಫೈಟರ್ ಅಂದರೆ ಆಯುಧ ಹಿಡಿದ ಯೋಧ. ಪಾರ್ಟಿ, ಅಂದರೆ ಈ ಪಾತ್ರಗಳ ತಂಡ, ಐದನೇ ಲೆವೆಲ್ ಮುಟ್ಟಿದ ಮೇಲೆ ಅನೇಕ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗುಂಪುಗಳಲ್ಲಿ ಒಂದೇ ಥರದ ಗೊಣಗಾಟ ಶುರುವಾಗುತ್ತದೆ. ವಿಝಾರ್ಡ್ ಒಂದು ಫೈರ್‌ಬಾಲ್ (ಬೆಂಕಿಯುಂಡೆಯ ಸ್ಪೆಲ್, ಅಂದರೆ ಮಂತ್ರ) ಎಸೆಯುತ್ತಾನೆ, ಅರ್ಧ ಶತ್ರುಗಳು ಬೀಳುತ್ತಾರೆ. ಇನ್ನೊಂದು ಎಸೆಯುತ್ತಾನೆ, ಯುದ್ಧ ಮುಗಿಯುತ್ತದೆ. ಫೈಟರ್ ಆಡುವವರು ಫೋನ್ ನೋಡುತ್ತಾ ಕೂತಿರುತ್ತಾರೆ. ಒಂದೆರಡು ವಾರ ಹೀಗೇ ಆದರೆ ಆಟ ನಡೆಸುವ ಡಿಎಂ ಒಂದು ನಿರ್ಧಾರಕ್ಕೆ ಬರುತ್ತಾರೆ: "ವಿಝಾರ್ಡ್ ತುಂಬಾ ಪವರ್‌ಫುಲ್. ಫೈರ್‌ಬಾಲ್ ಡ್ಯಾಮೇಜ್ ಕಡಿಮೆ ಮಾಡ್ತೀನಿ."

ದಯವಿಟ್ಟು ಸ್ವಲ್ಪ ತಡೆಯಿರಿ. ಕ್ಲಾಸಿನ ನಿಯಮಕ್ಕೆ ಕೈ ಹಾಕುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ನೋಡಬೇಕಾದ ಜಾಗಗಳು ಹಲವು ಇವೆ. ಬಹುಪಾಲು ಸಲ ದೋಷ ಅಲ್ಲೇ ಸಿಗುತ್ತದೆ. ಇಲ್ಲಿ ನಾನು ಬಳಸಿರುವುದು ಐದನೇ ಆವೃತ್ತಿಯ 2014ರ ನಿಯಮಗಳು. ಇವತ್ತಿಗೂ ಅದರಲ್ಲೇ ಆಡುವ ಗುಂಪುಗಳಿವೆ. 2024ರ ಪರಿಷ್ಕರಣೆಯಲ್ಲಿ ಬದಲಾದದ್ದನ್ನು ಬೇಕಾದ ಕಡೆ ಹೇಳುತ್ತೇನೆ.

ಮೊದಲು ಒಂದು ಸೆಷನ್ ಬರೆದಿಡಿ

ಏನನ್ನೂ ಬದಲಿಸಬೇಡಿ. ಒಂದು ಸೆಷನ್ ಎಂದಿನಂತೆ ನಡೆಸಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಯುದ್ಧ ಎಷ್ಟು ರೌಂಡ್ (ಎಲ್ಲರಿಗೂ ಒಂದೊಂದು ಸರದಿ) ನಡೆಯಿತು, ಯಾರು ಎಷ್ಟು ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಪಾಲು) ಖರ್ಚು ಮಾಡಿದರು, ನಡುವೆ ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಆಯಿತಾ, ಲಾಂಗ್ ರೆಸ್ಟ್ (ಎಂಟು ಗಂಟೆಯ ವಿಶ್ರಾಂತಿ) ಯಾವಾಗ ಆಯಿತು, ಇಷ್ಟನ್ನು ಗುರುತು ಹಾಕಿ. ಯುದ್ಧವಲ್ಲದ ತೊಡಕು ಎದುರಾದಾಗ (ಬೀಗ ಹಾಕಿದ ಬಾಗಿಲು, ಒಪ್ಪದ ಕಾವಲುಗಾರ, ಆಳವಾದ ಕಂದಕ) ಅದನ್ನು ಯಾರು, ಯಾವುದರಿಂದ ಬಗೆಹರಿಸಿದರು ಅಂತಲೂ ಬರೆಯಿರಿ.

ಇದು ಯಾಕೆ ಬೇಕು ಅಂದರೆ, ಆಟಗಾರರ ನೆನಪಿನಲ್ಲಿ ಉಳಿಯುವುದು ದೊಡ್ಡ ಹೊಡೆತ ಮಾತ್ರ. 8ಡಿ6 (ಆರು ಮುಖದ ಎಂಟು ಡೈಸ್) ಒಟ್ಟಿಗೆ ಉರುಳಿಸಿದ ಸದ್ದು ಎಲ್ಲರಿಗೂ ನೆನಪಿರುತ್ತದೆ. ಫೈಟರ್ ರೌಂಡಿಗೆ ಹದಿನೈದರಂತೆ ಡ್ಯಾಮೇಜ್ ಸದ್ದಿಲ್ಲದೆ ಸೇರಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಹಾಳೆ ನೋಡಿದರೆ ಕೆಲವೊಮ್ಮೆ ದೂರೇ ಸುಳ್ಳು ಅಂತ ಗೊತ್ತಾಗುತ್ತದೆ. ಸುಳ್ಳಲ್ಲದಿದ್ದರೆ ಅದೇ ಹಾಳೆ ಮುಂದಿನ ದಾರಿ ತೋರಿಸುತ್ತದೆ.

ದಿನಕ್ಕೆ ಎಷ್ಟು ಯುದ್ಧ?

ಬರೆದಿಟ್ಟ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಇದೊಂದೇ: ಒಂದು ಲಾಂಗ್ ರೆಸ್ಟಿನಿಂದ ಇನ್ನೊಂದು ಲಾಂಗ್ ರೆಸ್ಟಿನವರೆಗೆ ಎಷ್ಟು ಯುದ್ಧ ಆದವು? ಉತ್ತರ ಒಂದು ಅಥವಾ ಎರಡು ಆಗಿದ್ದರೆ ದೋಷ ಸಿಕ್ಕಿತು ಅಂತಲೇ ಅಂದುಕೊಳ್ಳಿ.

2014ರ ಡಂಜನ್ ಮಾಸ್ಟರ್ಸ್ ಗೈಡ್ ಒಂದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಮುಖಾಮುಖಿಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ. ನಡುವೆ ಎರಡು ಶಾರ್ಟ್ ರೆಸ್ಟ್. ಕ್ಲಾಸುಗಳ ಶಕ್ತಿಯೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಮಂತ್ರ ಬಳಸುವ ವಿಝಾರ್ಡ್, ಕ್ಲೆರಿಕ್, ಡ್ರೂಯಿಡ್ ಇವರ ಸ್ಲಾಟುಗಳು ಲಾಂಗ್ ರೆಸ್ಟ್ ಆದರೆ ಮಾತ್ರ ಪೂರ್ತಿ ವಾಪಸ್ ಬರುತ್ತವೆ. ಫೈಟರ್‌ನ ಆಕ್ಷನ್ ಸರ್ಜ್ (ಒಂದು ಸರದಿಯಲ್ಲಿ ಹೆಚ್ಚುವರಿ ಆಕ್ಷನ್), ಮಾಂಕ್‌ನ ಕೀ (ಒಳಶಕ್ತಿ), ಇನ್ನೊಬ್ಬ ಮಂತ್ರವಾದಿ ವಾರ್‌ಲಾಕ್‌ನ ಸ್ಲಾಟುಗಳು ಒಂದು ಗಂಟೆಯ ಶಾರ್ಟ್ ರೆಸ್ಟಿಗೇ ವಾಪಸ್ ಬರುತ್ತವೆ. ಕಳ್ಳನ ಕೈಚಳಕದ ರೋಗ್‌ನ ಸ್ನೀಕ್ ಅಟ್ಯಾಕ್‌ಗೆ (ಹೆಚ್ಚುವರಿ ಡ್ಯಾಮೇಜಿನ ಹೊಡೆತ) ರೆಸ್ಟೇ ಬೇಡ. ಒಂದು ರೀತಿಯಲ್ಲಿ ವಿಝಾರ್ಡ್‌ಗೆ ತಿಂಗಳ ಸಂಬಳ, ಫೈಟರ್‌ಗೆ ದಿನಗೂಲಿ. ತಿಂಗಳಿಗೆ ಒಂದೇ ದಿನ ಅಂತ ನೀವು ಮಾಡಿಬಿಟ್ಟರೆ ಯಾರು ಶ್ರೀಮಂತ ಅಂತ ಬೇರೆ ಹೇಳಬೇಕಾ?

ಲೆಕ್ಕ ಹಾಕಿಯೇ ನೋಡೋಣ. ಐದನೇ ಲೆವೆಲ್, ಇಬ್ಬರಿಗೂ ಮುಖ್ಯ ಎಬಿಲಿಟಿ (ಮೈಬಲ, ಬುದ್ಧಿಯಂಥ ಅಂಕ) 18, ಶತ್ರುವಿನ ಎಸಿ (ಹೊಡೆತ ತಾಗಲು ಮುಟ್ಟಬೇಕಾದ ಅಂಕ) 15. ಫೈಟರ್ ಗ್ರೇಟ್‌ಸ್ವೋರ್ಡ್ ಹಿಡಿದು ಎರಡು ಸಲ ಹೊಡೆಯುತ್ತಾನೆ. ಪ್ರತಿ ಹೊಡೆತ 2ಡಿ6+4, ಅಂದರೆ ಸರಾಸರಿ 11. ತಾಗುವ ಸಾಧ್ಯತೆ ಶೇಕಡ 65. ಕ್ರಿಟಿಕಲ್ (20 ಬಿದ್ದಾಗ ಸಿಗುವ ದುಪ್ಪಟ್ಟು ಡೈಸ್) ಸೇರಿಸಿದರೆ ರೌಂಡಿಗೆ ಸುಮಾರು 15. ಫೈರ್‌ಬಾಲ್ ಸರಾಸರಿ 28. ಮೂವರು ಶತ್ರುಗಳಿಗೆ ತಾಗಿ, ಅವರಲ್ಲಿ ಅರ್ಧದಷ್ಟು ಸೇವ್ (ತಪ್ಪಿಸಿಕೊಳ್ಳಲು ಹಾಕುವ ಡೈಸ್, ಗೆದ್ದರೆ ಅರ್ಧ ಡ್ಯಾಮೇಜ್) ಆಗುತ್ತದೆ ಅಂದುಕೊಂಡರೆ ಒಂದು ಫೈರ್‌ಬಾಲಿಗೆ ಸುಮಾರು 63.

ಇಡೀ ದಿನಕ್ಕೆ ಒಂದೇ ಯುದ್ಧ, ನಾಲ್ಕು ರೌಂಡ್. ವಿಝಾರ್ಡ್ ಎರಡು ಫೈರ್‌ಬಾಲ್, ಎರಡು ಸ್ಕಾರ್ಚಿಂಗ್ ರೇ (ಬೆಂಕಿಯ ಕಿರಣಗಳು) ಹಾಕಿದರೆ ಒಟ್ಟು 154 ಆಸುಪಾಸು. ಫೈಟರ್ ಆಕ್ಷನ್ ಸರ್ಜ್ ಸೇರಿ 75. ಎರಡು ಪಟ್ಟು ವ್ಯತ್ಯಾಸ! ಗೊಣಗಾಟದಲ್ಲಿ ಹುರುಳಿದೆ.

ಈಗ ಅದೇ ಇಬ್ಬರು, ಆರು ಯುದ್ಧ, ತಲಾ ನಾಲ್ಕು ರೌಂಡ್, ಎರಡು ಶಾರ್ಟ್ ರೆಸ್ಟ್. ಫೈಟರ್ ಇಪ್ಪತ್ತನಾಲ್ಕು ರೌಂಡ್ ಹೊಡೆದು, ಮೂರು ಸಲ ಆಕ್ಷನ್ ಸರ್ಜ್ ಬಳಸಿ ಸುಮಾರು 405 ಮಾಡುತ್ತಾನೆ. ವಿಝಾರ್ಡ್ ಹತ್ತಿರ ಒಂಬತ್ತು ಸ್ಲಾಟ್. ದಿನಕ್ಕೊಮ್ಮೆ ಶಾರ್ಟ್ ರೆಸ್ಟಿನಲ್ಲಿ ಸ್ವಲ್ಪ ಸ್ಲಾಟ್ ವಾಪಸ್ ಕೊಡುವ ಆರ್ಕೇನ್ ರಿಕವರಿಯಿಂದ ಮೂರನೇ ಲೆವೆಲಿನ ಇನ್ನೊಂದು ಸ್ಲಾಟ್ ಸೇರಿಸಿ ಹತ್ತು. ಮೂರು ಫೈರ್‌ಬಾಲ್, ಮೂರು ಸ್ಕಾರ್ಚಿಂಗ್ ರೇ, ನಾಲ್ಕು ಮ್ಯಾಜಿಕ್ ಮಿಸೈಲ್ ಮುಗಿದ ಮೇಲೆ ಉಳಿದ ಹದಿನಾಲ್ಕು ರೌಂಡ್ ಬರೀ ಸ್ಲಾಟ್ ಬೇಡದ ಫೈರ್ ಬೋಲ್ಟ್. ಒಟ್ಟು 375ರ ಸುತ್ತ. ಫೈಟರ್ ಸ್ವಲ್ಪ ಮುಂದೆಯೇ ಇದ್ದಾನೆ. ಅದೂ ವಿಝಾರ್ಡ್ ಒಂದೇ ಒಂದು ಸ್ಲಾಟನ್ನೂ ಶೀಲ್ಡ್‌ಗೋ ಇನ್ವಿಸಿಬಿಲಿಟಿಗೋ ಖರ್ಚು ಮಾಡದಿದ್ದರೆ.

ಕ್ಲಾಸುಗಳಲ್ಲಿ ಒಂದಕ್ಷರ ಬದಲಾಗಿಲ್ಲ ನೋಡಿ. ಬದಲಾದದ್ದು ದಿನದ ಉದ್ದ ಮಾತ್ರ.

ಈ ದೋಷ ಯಾಕೆ ಇಷ್ಟು ಸಾಮಾನ್ಯ ಅಂದರೆ ಯಾರಿಗೂ ಆರು ಯುದ್ಧ ಆಡಿಸುವಷ್ಟು ಸಮಯ ಇಲ್ಲ. ಭಾನುವಾರ ಮೂರ್ನಾಲ್ಕು ಗಂಟೆ ಸಿಕ್ಕರೆ ಪುಣ್ಯ. ಅದರಲ್ಲಿ ಅರ್ಧ ಗಂಟೆ ಊಟದ ಆರ್ಡರ್, ಇನ್ನರ್ಧ ಗಂಟೆ ಹಿಂದಿನ ಸಲ ಏನಾಯಿತು ಅನ್ನುವ ಚರ್ಚೆ. ಒಂದು ದೊಡ್ಡ ಯುದ್ಧ ಮುಗಿಸಿ, "ಸರಿ, ಎಲ್ಲರೂ ಮಲಗಿದಿರಿ" ಅಂತ ಡಿಎಂ ಮುಗಿಸುತ್ತಾರೆ. ಮುಂದಿನ ವಾರ ಎಲ್ಲರ ಸ್ಲಾಟ್ ಫುಲ್. ಸೆಷನ್ ಮುಗಿದರೆ ದಿನ ಮುಗಿದಂತೆ ಅನ್ನುವ ಈ ಅಭ್ಯಾಸವೇ ಮೂಲ ಕಾರಣ.

ಪರಿಹಾರ ಸುಲಭ. ಸೆಷನ್ ಮುಗಿದಾಗ ದಿನ ಮುಗಿಸಬೇಡಿ. ಉಳಿದ ಸ್ಲಾಟ್, ಎಚ್‌ಪಿ, (ಪ್ರಾಣದ ಅಂಕ) ಹಿಟ್ ಡೈಸ್ (ರೆಸ್ಟಿನಲ್ಲಿ ಅದನ್ನು ತುಂಬಿಕೊಳ್ಳುವ ಡೈಸ್) ಎಲ್ಲವನ್ನೂ ಕ್ಯಾರೆಕ್ಟರ್ ಶೀಟಿನ ಒಂದು ಫೋಟೊ ತೆಗೆದು ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ಹಾಕಿಸಿ. ಮುಂದಿನ ವಾರ ಅಲ್ಲಿಂದಲೇ ಶುರು. ಕಥೆಯ ಒಂದು ದಿನ ಎರಡು ಮೂರು ವಾರ ಎಳೆದರೂ ತೊಂದರೆ ಇಲ್ಲ.

ಯುದ್ಧಗಳ ಸಂಖ್ಯೆ ಹೆಚ್ಚಿಸಲು ಮನಸ್ಸಿಲ್ಲವಾದರೆ ಅವುಗಳ ತೂಕ ಹೆಚ್ಚಿಸಿ. ಅದೇ ಗೈಡಿನ ಕೋಷ್ಟಕದಲ್ಲಿ ಐದನೇ ಲೆವೆಲಿನ ಒಬ್ಬರಿಗೆ ದಿನದ ಬಜೆಟ್, ಶತ್ರುಗಳನ್ನು ಗೆದ್ದರೆ ಸಿಗುವ ಅನುಭವದ ಅಂಕಗಳ ಲೆಕ್ಕದಲ್ಲಿ, 3,500 ಎಕ್ಸ್‌ಪಿ. ಡೆಡ್ಲಿ ಅನ್ನುವ ದರ್ಜೆಯ ಯುದ್ಧ ಶುರುವಾಗುವುದು ತಲೆಗೆ 1,100ಕ್ಕೆ. ಅಂದರೆ ದಿನಕ್ಕೆ ಮೂರು ಡೆಡ್ಲಿ ಯುದ್ಧ ಇಟ್ಟರೆ ಬಜೆಟ್ ಹೆಚ್ಚುಕಮ್ಮಿ ತುಂಬುತ್ತದೆ. ಶತ್ರುಗಳ ಸಂಖ್ಯೆಗೆ ತಕ್ಕ ಗುಣಕ ಹಾಕಿದ ಮೇಲಿನ ಲೆಕ್ಕ ಇದು, ಮರೆಯಬೇಡಿ. ಮೂರರ ನಡುವೆ ಒಂದೊಂದು ಶಾರ್ಟ್ ರೆಸ್ಟ್ ಕೊಡಿ. ಪ್ರತಿ ಯುದ್ಧ ಐದು ರೌಂಡ್ ನಡೆದರೆ ಮೇಲಿನ ಲೆಕ್ಕದಲ್ಲಿ ಫೈಟರ್ ಸುಮಾರು 270, ವಿಝಾರ್ಡ್ ಸುಮಾರು 310. ಪೂರ್ತಿ ಸಮ ಅಲ್ಲ, ಆದರೆ ಫೋನ್ ನೋಡುವಷ್ಟು ಅಂತರವೂ ಅಲ್ಲ. ಹೆಚ್ಚಿನ ಗುಂಪುಗಳಿಗೆ ನಾನು ಹೇಳುವುದು ಇದನ್ನೇ.

ಆಟಗಾರರು ಪ್ರತಿ ಯುದ್ಧ ಆದ ಮೇಲೂ "ಮಲಗೋಣ" ಅಂದರೆ? ಒಂದು, 24 ಗಂಟೆಗೆ ಒಂದೇ ಲಾಂಗ್ ರೆಸ್ಟಿನ ಲಾಭ ಸಿಗುತ್ತದೆ ಅನ್ನುವ ನಿಯಮ ಇದೆ. ಬೆಳಿಗ್ಗೆ ಎಂಟಕ್ಕೆ ಎದ್ದು, ಒಂಬತ್ತಕ್ಕೆ ಹೊಡೆದಾಡಿ, ಹತ್ತಕ್ಕೆ ಮಲಗಿದರೆ ಸ್ಲಾಟ್ ವಾಪಸ್ ಬರುವುದಿಲ್ಲ. ಈ ಸಾಲು ಬಹಳ ಜನರ ಕಣ್ಣಿಗೇ ಬಿದ್ದಿರುವುದಿಲ್ಲ. ಎರಡು, ಕಥೆಯಲ್ಲಿ ಆತುರ ಇರಲಿ. ಅಪಹರಣವಾದವರನ್ನು ಅಮಾವಾಸ್ಯೆಯ ರಾತ್ರಿ ಬಲಿ ಕೊಡುತ್ತಾರೆ ಅಂತಿದ್ದರೆ ಯಾರೂ ಎಂಟು ಗಂಟೆ ನಿದ್ದೆಯ ಮಾತೆತ್ತುವುದಿಲ್ಲ. ಹಾಗಂತ ಪ್ರತಿ ಕಥೆಯಲ್ಲೂ ಆತುರ ತುರುಕಿದರೆ ಅದೂ ಬೇಜಾರು.

ಪ್ರಯಾಣವೇ ಜಾಸ್ತಿ ಇರುವ ಕಥೆಯಾದರೆ ಗೈಡಿನಲ್ಲೇ ಇರುವ ಗ್ರಿಟ್ಟಿ ರಿಯಲಿಸಂ ಆಯ್ಕೆ ನೋಡಿ. ಅಲ್ಲಿ ಶಾರ್ಟ್ ರೆಸ್ಟ್ ಎಂಟು ಗಂಟೆ, ಲಾಂಗ್ ರೆಸ್ಟ್ ಏಳು ದಿನ. ವಾರಕ್ಕೆ ಮೂರು ನಾಲ್ಕು ಯುದ್ಧ ಆಗುವ ಕಾಡುದಾರಿಯ ಕಥೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಒಂದು ಅಡ್ಡಪರಿಣಾಮ ಗಮನಿಸಿ: ಮೇಜ್ ಆರ್ಮರ್‌ನಂಥ ಎಂಟು ಗಂಟೆಯ ಸ್ಪೆಲ್ ಆಗ ಒಂದು ಯುದ್ಧಕ್ಕೆ ಮಾತ್ರ ಬಂದೀತು. ಬಂಕರಿನಂಥ ಡಂಜನ್ ಒಳಗೆ ಈ ನಿಯಮ ಹಾಕಿದರೆ ಎಲ್ಲರೂ ಸತ್ತೇ ಹೋಗುತ್ತಾರೆ.

ದೂರು ವಿಝಾರ್ಡ್ ಮೇಲಲ್ಲ, ವಾರ್‌ಲಾಕ್ ಅಥವಾ ಮಾಂಕ್ ಆಡುವವರು "ನನ್ನ ಕ್ಯಾರೆಕ್ಟರ್ ವೀಕ್" ಅನ್ನುತ್ತಿದ್ದಾರಾ? ಹಾಳೆಯಲ್ಲಿ ಶಾರ್ಟ್ ರೆಸ್ಟ್ ಎಷ್ಟಿದೆ ನೋಡಿ. ಸೊನ್ನೆ ಇರುತ್ತದೆ. ಐದನೇ ಲೆವೆಲಿನ ವಾರ್‌ಲಾಕ್‌ಗೆ ಇರುವುದು ಎರಡೇ ಸ್ಲಾಟ್. ಎರಡು ಶಾರ್ಟ್ ರೆಸ್ಟ್ ಸಿಕ್ಕರೆ ದಿನಕ್ಕೆ ಆರು, ಎಲ್ಲವೂ ಮೂರನೇ ಲೆವೆಲಿನವು. ಸಿಗದಿದ್ದರೆ ಎರಡು ಎರಡೇ. ಗುಂಪಿನಲ್ಲಿ ಒಬ್ಬರೇ ಒಬ್ಬರಿಗೆ ಶಾರ್ಟ್ ರೆಸ್ಟ್ ಬೇಕಿದ್ದರೆ ಅವರು ಕೇಳಲು ಮುಜುಗರ ಪಡುತ್ತಾರೆ. ಡಿಎಂ ಆಗಿ ನೀವೇ ಮುಂದಾಗಿ "ಒಂದು ಗಂಟೆ ಕೂರಬಹುದಾದ ಜಾಗ ಇದು" ಅಂತ ಹೇಳಿಬಿಡಿ.

ನಿಯಮ ಸರಿಯಾಗಿ ಓದಿದ್ದೀರಾ?

ದಿನದ ಲೆಕ್ಕ ಸರಿಯಿದ್ದೂ ವಿಝಾರ್ಡ್ ಮೆರೆಯುತ್ತಿದ್ದರೆ, ಮುಂದಿನ ಅನುಮಾನ ಕಾನ್ಸಂಟ್ರೇಶನ್ (ಮನಸ್ಸಿಟ್ಟು ಸ್ಪೆಲ್ ನಡೆಯುವಂತೆ ನೋಡಿಕೊಳ್ಳುವುದು) ಮೇಲೆ. ಒಬ್ಬರು ಒಂದು ಹೊತ್ತಿಗೆ ಒಂದೇ ಕಾನ್ಸಂಟ್ರೇಶನ್ ಸ್ಪೆಲ್ ಹಿಡಿದಿಟ್ಟುಕೊಳ್ಳಬಹುದು. ಫ್ಲೈ, ಇನ್ವಿಸಿಬಿಲಿಟಿ, ಹೇಸ್ಟ್, ವೆಬ್, ಹಿಪ್ನಾಟಿಕ್ ಪ್ಯಾಟರ್ನ್, ಹೋಲ್ಡ್ ಪರ್ಸನ್ ಎಲ್ಲವೂ ಈ ಪಟ್ಟಿಯಲ್ಲಿವೆ. ಹಾರುತ್ತಾ ಅದೃಶ್ಯನೂ ಆಗಿ ಮೇಲಿನಿಂದ ಹೊಡೆಯುವ ವಿಝಾರ್ಡ್ ನಿಮ್ಮ ಆಟದಲ್ಲಿದ್ದರೆ ಯಾರೋ ಏನನ್ನೋ ಮರೆತಿದ್ದಾರೆ. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ (ದೇಹದ ತಾಳಿಕೆ) ಸೇವ್ ಹಾಕಬೇಕು, ಸೋತರೆ ಸ್ಪೆಲ್ ಮುರಿಯುತ್ತದೆ. ಗುರಿ 10 ಅಥವಾ ಡ್ಯಾಮೇಜಿನ ಅರ್ಧ, ಯಾವುದು ಜಾಸ್ತಿಯೋ ಅದು. ಈ ಸೇವ್ ಕೇಳುವುದನ್ನು ಡಿಎಂ ಮರೆತರೆ ವಿಝಾರ್ಡ್ ಆಡುವವರು ನೆನಪಿಸುವುದಿಲ್ಲ. ಮನುಷ್ಯ ಸ್ವಭಾವ.

ಆಮೇಲೆ ಸದ್ದು. ವರ್ಬಲ್ ಅಂಶ ಇರುವ ಸ್ಪೆಲ್ ಅಂದರೆ ಬಾಯಿಬಿಟ್ಟು ಮಂತ್ರ ಹೇಳಬೇಕು. ಕಾವಲುಗಾರನ ಎದುರೇ ನಿಂತು ಅವನಿಗೆ ಗೊತ್ತಾಗದಂತೆ ಚಾರ್ಮ್ ಪರ್ಸನ್ ಹಾಕಲು ಬರುವುದಿಲ್ಲ. ಹಾಕಿದರೂ ಅದರ ಅವಧಿ ಮುಗಿದ ಮೇಲೆ ತನ್ನನ್ನು ಮರುಳು ಮಾಡಿದ್ದರು ಅಂತ ಅವನಿಗೆ ಗೊತ್ತಾಗುತ್ತದೆ. ನಾಕ್ ಸ್ಪೆಲ್ ಬೀಗ ತೆಗೆಯುತ್ತದೆ ನಿಜ, ಆದರೆ ಆ ಸದ್ದು 300 ಅಡಿ ದೂರಕ್ಕೆ ಕೇಳುತ್ತದೆ. ರೋಗ್ ಸದ್ದಿಲ್ಲದೆ ತೆಗೆಯುತ್ತಾನೆ. ಈ ಒಂದು ವಾಕ್ಯ ಬಿಟ್ಟುಹೋದರೆ ರೋಗ್‌ನ ಅರ್ಧ ಕೆಲಸ ಹೋದಂತೆ.

ಬೋನಸ್ ಆಕ್ಷನ್‌ನಲ್ಲಿ (ಸರದಿಯಲ್ಲಿ ಸಿಗುವ ಚಿಕ್ಕ ಹೆಚ್ಚುವರಿ ನಡೆ) ಒಂದು ಸ್ಪೆಲ್ ಹಾಕಿದರೆ ಅದೇ ಸರದಿಯಲ್ಲಿ ಆಕ್ಷನ್‌ನಿಂದ ಹಾಕಬಹುದಾದದ್ದು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಮಾತ್ರ. ವಿಝಾರ್ಡ್ ಪುಸ್ತಕದಲ್ಲಿರುವ ಎಲ್ಲ ಸ್ಪೆಲ್ಲೂ ಆ ದಿನ ಸಿಗುವುದಿಲ್ಲ, ಲೆವೆಲ್ ಮತ್ತು ಇಂಟೆಲಿಜೆನ್ಸ್ ಮಾಡಿಫೈಯರ್ ಕೂಡಿದಷ್ಟನ್ನು ಮಾತ್ರ ಬೆಳಿಗ್ಗೆ ಸಿದ್ಧ ಮಾಡಿಕೊಳ್ಳಬೇಕು. ನಮ್ಮ ಉದಾಹರಣೆಯವನಿಗೆ 5+4, ಅಂದರೆ ಒಂಬತ್ತು. ಆ ಪಟ್ಟಿಯನ್ನು ಸೆಷನ್ ಶುರುವಿನಲ್ಲೇ ಕೇಳಿ ಇಟ್ಟುಕೊಳ್ಳಿ.

ಇದರ ಇನ್ನೊಂದು ಮುಖ ಇದೆ. ಅದು ನನಗೆ ಹೆಚ್ಚು ಸಿಟ್ಟು ತರಿಸುವಂಥದ್ದು. ಮಂತ್ರ ಇಲ್ಲದ ಕ್ಲಾಸುಗಳಿಗೆ ನಿಯಮದಲ್ಲಿ ಇರುವುದನ್ನೂ ಡಿಎಂ ಕೊಡುವುದಿಲ್ಲ. ರೋಗ್‌ನ ಸ್ನೀಕ್ ಅಟ್ಯಾಕ್‌ಗೆ ಅಡಗಿ ಕೂರಲೇಬೇಕು ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಬೇಡ. ಅಡ್ವಾಂಟೇಜ್ (ಎರಡು ಡೈಸ್ ಹಾಕಿ ದೊಡ್ಡದನ್ನು ತೆಗೆದುಕೊಳ್ಳುವ ಅನುಕೂಲ) ಇದ್ದರೆ ಸಾಕು. ಅದೂ ಇಲ್ಲದಿದ್ದರೆ, ಗುರಿಯ ಐದು ಅಡಿಯೊಳಗೆ ನಿಮ್ಮ ಕಡೆಯವರೊಬ್ಬರು ಎಚ್ಚರವಾಗಿ ನಿಂತಿದ್ದು, ರೋಗ್‌ಗೆ ಡಿಸ್ಅಡ್ವಾಂಟೇಜ್ (ಅದರ ಉಲ್ಟಾ) ಇರದಿದ್ದರೆ ಸಾಕು. ಫೈಟರ್ ಮುಂದೆ ನಿಂತಿದ್ದಾನೆ ಅಂದರೆ ರೋಗ್‌ಗೆ ಬಹುತೇಕ ಪ್ರತಿ ಸರದಿಯಲ್ಲೂ ಅದು ಸಿಗಬೇಕು. ಐದನೇ ಲೆವೆಲಿನಲ್ಲಿ ಅದು 3ಡಿ6. ಅಷ್ಟನ್ನು ಕಿತ್ತುಕೊಂಡು "ರೋಗ್ ಯಾಕೋ ವೀಕ್" ಅಂದರೆ ಹೇಗೆ?

ಹಾಗೆಯೇ ಜಿಗಿತ. ಹತ್ತು ಅಡಿ ಓಡಿ ಬಂದು ಜಿಗಿದರೆ ಸ್ಟ್ರೆಂಗ್ತ್ ಎಷ್ಟಿದೆಯೋ ಅಷ್ಟು ಅಡಿ ದಾಟಬಹುದು. ಸ್ಟ್ರೆಂಗ್ತ್ 18 ಇದ್ದರೆ 18 ಅಡಿ. ಡೈಸ್ ಹಾಕುವ ಮಾತೇ ಇಲ್ಲ. ಆದರೆ ಮೇಜಿನಲ್ಲಿ ಏನಾಗುತ್ತದೆ? ಫೈಟರ್ 15 ಅಡಿಯ ಕಂದಕ ಜಿಗಿಯುತ್ತೇನೆ ಅಂದರೆ "ಅಥ್ಲೆಟಿಕ್ಸ್ ಹಾಕು" ಅನ್ನುತ್ತಾರೆ. ಬಿದ್ದರೆ ನಗುತ್ತಾರೆ. ವಿಝಾರ್ಡ್ ಫ್ಲೈ ಹಾಕಿದರೆ "ಸರಿ, ದಾಟಿದೆ." ಮಂತ್ರಕ್ಕೆ ಖಚಿತ ಫಲ, ಮೈಬಲಕ್ಕೆ ಡೈಸ್! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಯೇಟ್ ವಾಟರ್‌ನಿಂದ ಶತ್ರುವಿನ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತೇನೆ ಅಂದರೆ ಒಪ್ಪುವ ಡಿಎಂಗಳೂ ಇದ್ದಾರೆ. ಆ ಸ್ಪೆಲ್ ಕೇಳುವುದು ತೆರೆದ ಪಾತ್ರೆ. ಶ್ವಾಸಕೋಶ ತೆರೆದ ಪಾತ್ರೆ ಅಲ್ಲ. ಸ್ಪೆಲ್ ವಿವರಣೆಯಲ್ಲಿ ಬರೆದಷ್ಟನ್ನೇ ಸ್ಪೆಲ್ ಮಾಡುತ್ತದೆ. ಜಾಣತನಕ್ಕೆ ರಿಯಾಯಿತಿ ಕೊಡುವುದಿದ್ದರೆ ಮೇಜು ಉರುಳಿಸಿ ಅಡಗುವ ಫೈಟರ್‌ಗೂ ಅಷ್ಟೇ ಕೊಡಿ.

ನೀವೇ ಸೇರಿಸಿದ ನಿಯಮ

ಹಲವು ಗುಂಪುಗಳಲ್ಲಿ ಹೊಡೆಯಲು ಹಾಕಿದ ಡಿ20ಯಲ್ಲಿ (ಇಪ್ಪತ್ತು ಮುಖದ ಡೈಸ್) 1 ಬಿದ್ದರೆ ಕತ್ತಿ ಕೈಜಾರುತ್ತದೆ, ಇಲ್ಲವೇ ಪಕ್ಕದವನಿಗೆ ತಾಗುತ್ತದೆ ಅನ್ನುವ ಮನೆ ನಿಯಮ ಇರುತ್ತದೆ. ತಮಾಷೆಯಾಗಿ ಕಾಣುತ್ತದೆ. ಲೆಕ್ಕ ನೋಡಿ: ಐದನೇ ಲೆವೆಲಿನ ಫೈಟರ್ ಎರಡು ಸಲ ಹೊಡೆಯುವುದರಿಂದ ಪ್ರತಿ ಸರದಿಯಲ್ಲಿ ಹೀಗಾಗುವ ಸಾಧ್ಯತೆ ಶೇಕಡ 10ರ ಹತ್ತಿರ. ಹನ್ನೊಂದನೇ ಲೆವೆಲಿನಲ್ಲಿ ಮೂರು ಹೊಡೆತ, ಶೇಕಡ 14. ಇಪ್ಪತ್ತನೇ ಲೆವೆಲಿನ ಮಹಾಯೋಧನಿಗೆ ನಾಲ್ಕು ಹೊಡೆತ, ಶೇಕಡ 18ಕ್ಕಿಂತ ಜಾಸ್ತಿ. ಅನುಭವ ಹೆಚ್ಚಾದಷ್ಟೂ ಕತ್ತಿ ಜಾಸ್ತಿ ಬೀಳುತ್ತದೆ! ಫೈರ್‌ಬಾಲ್ ಎಸೆಯುವವನು ಡಿ20 ಮುಟ್ಟುವುದೇ ಇಲ್ಲ. ಅವನ ಸಾಧ್ಯತೆ ಸೊನ್ನೆ. ಈ ನಿಯಮ ಇದ್ದರೆ ಇವತ್ತೇ ತೆಗೆಯಿರಿ.

ಎಬಿಲಿಟಿಗಳನ್ನು 4ಡಿ6 ಉರುಳಿಸಿ ನಿರ್ಧರಿಸಿದ್ದೀರಾ? ಹಾಗಾದರೆ ಇಬ್ಬರ ನಡುವಿನ ಅಂತರ ಕ್ಲಾಸಿನದ್ದೋ ಅದೃಷ್ಟದ್ದೋ ಅಂತ ಮೊದಲು ಬೇರ್ಪಡಿಸಿ. ಒಬ್ಬರ ಶೀಟಿನಲ್ಲಿ ಎರಡು 18, ಇನ್ನೊಬ್ಬರದ್ದರಲ್ಲಿ ದೊಡ್ಡದೇ 14 ಇದ್ದರೆ ಕ್ಲಾಸ್ ಬಗ್ಗೆ ಜಗಳ ಆಡುವುದು ವ್ಯರ್ಥ. ಕೆಳಗಿರುವವರಿಗೆ 15, 14, 13, 12, 10, 8ರ ಪ್ರಮಾಣಿತ ಸಾಲನ್ನು ತೆಗೆದುಕೊಳ್ಳುವ ಅವಕಾಶ ಕೊಟ್ಟರೆ ಮುಗಿಯಿತು.

ಶತ್ರುಗಳ ಆಯ್ಕೆ

ಇದನ್ನು ಬೇಗ ಮುಗಿಸುತ್ತೇನೆ. ಫೈರ್‌ಬಾಲಿನ ವ್ಯಾಪ್ತಿ 20 ಅಡಿ ತ್ರಿಜ್ಯ. ನಿಮ್ಮ ಗಾಬ್ಲಿನ್‌ಗಳೆಲ್ಲ ಆ ವೃತ್ತದೊಳಗೇ ನಿಂತು ಕಾಯುತ್ತಿದ್ದರೆ ತಪ್ಪು ಗಾಬ್ಲಿನ್‌ಗಳದ್ದು. ಇಬ್ಬರು ಮರದ ಹಿಂದೆ, ಇಬ್ಬರು ಮಾಳಿಗೆ ಮೇಲೆ, ಮೂವರು ಎರಡನೇ ರೌಂಡಿನಲ್ಲಿ ಹಿಂಬಾಗಿಲಿನಿಂದ ಬರಲಿ. ವಿಝಾರ್ಡ್ ಮೇಲೆ ಬಾಣ ಬಿಡುವವರೂ ಇರಲಿ. ಮಾಮೂಲಿ ಆಯುಧಕ್ಕೆ ಅರ್ಧ ಡ್ಯಾಮೇಜ್ ಮಾತ್ರ ತಗಲುವ ರಾಕ್ಷಸರು 2014ರ ಪುಸ್ತಕದಲ್ಲಿ ಬಹಳ. ಫೈಟರ್ ಕೈಗೆ ಮಾಯಾ ಆಯುಧ ಕೊಡದೆ ಅಂಥವರನ್ನೇ ಸಾಲಾಗಿ ತಂದರೆ ಅವನ ಬಲ ನೀವೇ ಅರ್ಧ ಮಾಡಿದಂತೆ. ಒಂದು ವೇಳೆ ದೂರು ತಿರುಗಾಮುರುಗಾ ಇದ್ದು, ವಿಝಾರ್ಡ್ ಕೈಯಲ್ಲೇ ಏನೂ ಆಗುತ್ತಿಲ್ಲ ಅಂತಿದ್ದರೆ, ಪ್ರತಿ ಸಲವೂ ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವ್ ಅನ್ನು ಗೆಲುವಾಗಿಸುವ ಶಕ್ತಿ) ಇರುವ ಒಂಟಿ ಖಳನನ್ನು ತರುತ್ತಿದ್ದೀರಾ ನೋಡಿಕೊಳ್ಳಿ.

ಯುದ್ಧದ ಹೊರಗೆ: ಇಲ್ಲಿ ದೋಷ ನಿಜವಾಗಿಯೂ ಇದೆ

ಇಷ್ಟೂ ಸರಿಮಾಡಿದ ಮೇಲೂ ಹಾಳೆಯ ಇನ್ನೊಂದು ಭಾಗ, ಅಂದರೆ ಯುದ್ಧವಲ್ಲದ ತೊಡಕುಗಳ ಪಟ್ಟಿ, ವಿಝಾರ್ಡ್ ಹೆಸರಿನಿಂದಲೇ ತುಂಬಿದ್ದರೆ ಅದು ನಿಮ್ಮ ತಪ್ಪಲ್ಲ. ಆಟದ ವಿನ್ಯಾಸದಲ್ಲೇ ಇರುವ ತೂತು. ಅದು ಹೇಗೆ ಬಂತು ಅಂತ ತಿಳಿದರೆ ಮುಚ್ಚುವುದು ಸುಲಭ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಆಗಿನ ಸಮತೋಲನ ಈಗಿನ ಹಾಗೆ ಪ್ರತಿ ಲೆವೆಲಿಗೂ ಇರಲಿಲ್ಲ. ಮಂತ್ರವಾದಿ ಶುರುವಿನಲ್ಲಿ ಪಾಪದವನು. 1981ರ ಬೇಸಿಕ್ ಆವೃತ್ತಿಯಲ್ಲಿ ಅವನಿಗೆ ಡಿ4 ಎಚ್‌ಪಿ, ದಿನಕ್ಕೆ ಒಂದು ಸ್ಪೆಲ್. ಎರಡನೇ ಲೆವೆಲಿಗೆ ಏರಲು ಥೀಫ್‌ಗೆ 1,200 ಎಕ್ಸ್‌ಪಿ, ಫೈಟರ್‌ಗೆ 2,000 ಸಾಕು. ಅವನಿಗೆ 2,500 ಬೇಕು. ಬದುಕಿ ಉಳಿದರೆ ಮುಂದೆ ದೊಡ್ಡವನಾಗುತ್ತಾನೆ. ಆದರೆ ಅಷ್ಟು ಹೊತ್ತಿಗೆ ಫೈಟರ್ ಕೂಡ ಬರೀ ಕತ್ತಿ ಹಿಡಿದವನಾಗಿ ಉಳಿಯುತ್ತಿರಲಿಲ್ಲ. ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಒಂಬತ್ತನೇ ಲೆವೆಲಿಗೆ ಅವನು ಕೋಟೆ ಕಟ್ಟಬಹುದಿತ್ತು, ಸೈನಿಕರು ತಾವಾಗಿ ಬಂದು ಸೇರುತ್ತಿದ್ದರು. ಮಂತ್ರವಾದಿಗೆ ಸ್ಪೆಲ್ ಇದ್ದರೆ ಫೈಟರ್‌ಗೆ ಜನ, ಭೂಮಿ, ಅಧಿಕಾರ ಇತ್ತು.

2000ದಲ್ಲಿ ಬಂದ ಮೂರನೇ ಆವೃತ್ತಿ ಎಲ್ಲ ಕ್ಲಾಸಿಗೂ ಒಂದೇ ಎಕ್ಸ್‌ಪಿ ಕೋಷ್ಟಕ ತಂದಿತು. ಮಂತ್ರವಾದಿಗಳ ತೊಡಕುಗಳನ್ನೂ ಸಡಿಲ ಮಾಡಿತು. ಮೊದಲು ಪೆಟ್ಟು ಬಿದ್ದರೆ ಸ್ಪೆಲ್ ಹಾಳಾಗುತ್ತಿತ್ತು, ಈಗ ಒಂದು ಚೆಕ್ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಬುದ್ಧಿ ಹೆಚ್ಚಿದ್ದರೆ ಹೆಚ್ಚುವರಿ ಸ್ಪೆಲ್ ಸಿಗುತ್ತಿತ್ತು. ವಿಝಾರ್ಡ್ ಮೊದಲ ಲೆವೆಲಿನಿಂದಲೇ ಸ್ಕ್ರೋಲ್ ಬರೆದಿಟ್ಟುಕೊಳ್ಳಬಹುದಿತ್ತು. ಫೈಟರ್‌ನ ಕೋಟೆ, ಸೈನಿಕರು ಮಾತ್ರ ಕ್ಲಾಸಿನಿಂದ ಮಾಯ. ಫೈಟರ್ ಒಂದೇ ಸಮ ಬೆಳೆಯುತ್ತಾನೆ, ವಿಝಾರ್ಡ್ ವರ್ಗಸಂಖ್ಯೆಗಳ (1, 4, 9, 16) ಲೆಕ್ಕದಲ್ಲಿ ಬೆಳೆಯುತ್ತಾನೆ ಅನ್ನುವ ಮಾತು ಈ ಆವೃತ್ತಿಯ ಆಟಗಾರರ ಬಾಯಲ್ಲಿ ಗಾದೆಯಂತಾಯಿತು. ಆಗಿನ ಡ್ರೂಯಿಡ್ ಜೊತೆಗಿದ್ದ ಪ್ರಾಣಿಯೇ ಎಷ್ಟೋ ಸಲ ಪಕ್ಕದ ಫೈಟರ್‌ಗೆ ಸರಿಸಾಟಿ!

2008ರ ನಾಲ್ಕನೇ ಆವೃತ್ತಿ ಈ ರೋಗಕ್ಕೆ ಕಟುವಾದ ಔಷಧ ಕೊಟ್ಟಿತು. ಎಲ್ಲ ಕ್ಲಾಸಿಗೂ ಒಂದೇ ಚೌಕಟ್ಟು: ಯಾವಾಗಲೂ ಬಳಸಬಹುದಾದದ್ದು, ಯುದ್ಧಕ್ಕೊಮ್ಮೆ, ದಿನಕ್ಕೊಮ್ಮೆ. ಸಮತೋಲನ ಬಂತು. ಆದರೆ ಎಲ್ಲ ಕ್ಲಾಸೂ ಒಂದೇ ಥರ ಅನ್ನಿಸುತ್ತದೆ ಅಂತ ಬಹಳ ಜನ ಮುಖ ತಿರುಗಿಸಿದರು. 2014ರ ಐದನೇ ಆವೃತ್ತಿ ಅರ್ಧ ದಾರಿ ಹಿಂದೆ ಬಂದಿತು. ಯುದ್ಧದ ಸಮತೋಲನವನ್ನು ರೆಸ್ಟಿನ ಮೇಲೆ ಬಿಟ್ಟಿತು. ಯುದ್ಧದ ಹೊರಗೆ ಫೈಟರ್‌ಗೆ ಏನು ಅನ್ನುವ ಪ್ರಶ್ನೆಗೆ ಎರಡು ಕ್ಲಾಸ್ ಸ್ಕಿಲ್, ಹಿನ್ನೆಲೆಯಿಂದ ಇನ್ನೆರಡು ಸ್ಕಿಲ್, ಇಷ್ಟೇ ಉತ್ತರ.

ಹಾಗಾಗಿ ಉತ್ತರವನ್ನು ನೀವು ಕೊಡಬೇಕು. ನನ್ನ ಪ್ರಕಾರ ಹಳೆಯ ಆವೃತ್ತಿ ಸರಿಯಾದ ಜಾಗದಲ್ಲೇ ಕೈ ಇಟ್ಟಿತ್ತು. ಫೈಟರ್‌ಗೆ ಜನರನ್ನು ಕೊಡಿ. ಹಿಂದೆ ಒಟ್ಟಿಗೆ ದುಡಿದ ದಂಡಿನವರು ಪ್ರತಿ ಊರಿನ ಕಾವಲು ಪಡೆಯಲ್ಲಿ ಒಬ್ಬರಾದರೂ ಇರಲಿ. ಚಾರ್ಮ್ ಪರ್ಸನ್ ಒಂದು ಗಂಟೆಗೆ ಒಬ್ಬನನ್ನು ಒಲಿಸಿಕೊಂಡು ಆಮೇಲೆ ಶತ್ರು ಮಾಡಿಕೊಳ್ಳುತ್ತದೆ. ಹಳೆಯ ಪರಿಚಯ ಹಾಗಲ್ಲ. ಒಂಬತ್ತನೇ ಲೆವೆಲಿನ ಸುತ್ತ ಒಂದು ಹಾಳುಬಿದ್ದ ಕೋಟೆ, ಇಪ್ಪತ್ತು ಜನ ಹಿಂಬಾಲಕರು ಸಿಗುವಂತೆ ಕಥೆ ಹೆಣೆಯಿರಿ. ಬಾರ್ಬೇರಿಯನ್ ಗೆದ್ದ ಕುಸ್ತಿಯ ಸುದ್ದಿ ಅವನಿಗಿಂತ ಮೊದಲೇ ಮುಂದಿನ ಊರು ತಲುಪಿರಲಿ. ಇದಕ್ಕೆ ಒಂದೇ ಒಂದು ಹೊಸ ನಿಯಮವೂ ಬೇಡ.

ಡೈಸ್ ವಿಷಯದಲ್ಲೂ ಕೈ ಬಿಗಿಹಿಡಿಯಬೇಡಿ. ಅಥ್ಲೆಟಿಕ್ಸ್ ಪ್ರವೀಣನಾದ ಫೈಟರ್ ಮಾಮೂಲಿ ಗೋಡೆ ಹತ್ತುತ್ತೇನೆ ಅಂದರೆ "ಹತ್ತಿದೆ" ಅನ್ನಿ. ಡೈಸ್ ಬೇಕಾಗುವುದು ಮೇಲಿನಿಂದ ಎಣ್ಣೆ ಸುರಿಯುತ್ತಿದ್ದಾಗ. 2024ರ ಪರಿಷ್ಕರಣೆಯಲ್ಲಿ ಫೈಟರ್‌ಗೆ ಎರಡನೇ ಲೆವೆಲಿನಲ್ಲೇ ಟ್ಯಾಕ್ಟಿಕಲ್ ಮೈಂಡ್ ಸಿಗುತ್ತದೆ. ಸೋತ ಎಬಿಲಿಟಿ ಚೆಕ್‌ಗೆ ಸೆಕೆಂಡ್ ವಿಂಡ್‌ನ (ಎಚ್‌ಪಿ ವಾಪಸ್ ಪಡೆಯುವ ಶಕ್ತಿ) ಒಂದು ಬಳಕೆ ಖರ್ಚು ಮಾಡಿ 1ಡಿ10 ಸೇರಿಸಬಹುದು. ಯುದ್ಧದ ಹೊರಗೆ ಅವನ ಕೈ ಖಾಲಿ ಅನ್ನುವುದಕ್ಕೆ ಅಧಿಕೃತ ಪುಸ್ತಕದಿಂದಲೇ ಬಂದ ಉತ್ತರ ಇದು. ನೀವು ಹಳೆಯ ನಿಯಮದಲ್ಲಿ ಆಡುತ್ತಿದ್ದರೂ ಇದೊಂದನ್ನು ಎರವಲು ತಂದರೆ ಯಾವುದೂ ಮುರಿಯುವುದಿಲ್ಲ.

ಕ್ಲಾಸಿನಲ್ಲೇ ದೋಷ ಇದ್ದರೆ

ಕೆಲವು ಸಲ ಕ್ಲಾಸೇ ಕೆಟ್ಟಿರುತ್ತದೆ. ಪ್ರಾಣಿಯೊಂದನ್ನು ಜೊತೆಗಿಟ್ಟುಕೊಳ್ಳುವ 2014ರ ಬೀಸ್ಟ್ ಮಾಸ್ಟರ್ ರೇಂಜರ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಾಣಿಗೆ ಹೊಡೆ ಅಂತ ಹೇಳಲು ರೇಂಜರ್ ತನ್ನ ಆಕ್ಷನ್ನನ್ನೇ ಖರ್ಚು ಮಾಡಬೇಕಿತ್ತು. ಅಂದರೆ ಇಬ್ಬರಿದ್ದೂ ಒಬ್ಬರ ಕೆಲಸ. ಇದಕ್ಕೆ ನೀವು ತಲೆ ಕೆಡಿಸಿಕೊಂಡು ಮನೆ ನಿಯಮ ಬರೆಯಬೇಕಾಗಿಲ್ಲ. 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್‌ನಲ್ಲಿ ಬೋನಸ್ ಆಕ್ಷನ್‌ನಿಂದ ಹೇಳಬಹುದಾದ ಹೊಸ ಪ್ರಾಣಿಗಳು ಬಂದಿವೆ. ಪ್ಯಾಲಡಿನ್ (ದೈವಬಲದ ಯೋಧ) ಒಂದೇ ಸರದಿಯಲ್ಲಿ ಹಲವು ಸ್ಮೈಟ್ (ಸ್ಲಾಟ್ ಖರ್ಚು ಮಾಡಿ ಹೊಡೆತಕ್ಕೆ ಸೇರಿಸುವ ಡ್ಯಾಮೇಜ್) ಸುರಿದು ಖಳನನ್ನು ಮುಗಿಸುತ್ತಿದ್ದರೆ, 2024ರಲ್ಲಿ ಡಿವೈನ್ ಸ್ಮೈಟ್ ಬೋನಸ್ ಆಕ್ಷನ್‌ನ ಸ್ಪೆಲ್ ಆಗಿದೆ, ಸರದಿಗೆ ಒಂದೇ ಸಲ. ಕತ್ತಿ, ಗದೆ, ಬಿಲ್ಲುಗಳಿಗೆ ವೆಪನ್ ಮಾಸ್ಟರಿ ಬಂದಿದೆ. ಫೈಟರ್ ಈಗ ಹೊಡೆಯುವುದರ ಜೊತೆಗೆ ಬೀಳಿಸಬಹುದು, ತಳ್ಳಬಹುದು. ಅಧಿಕೃತ ಪರಿಹಾರ ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಮಾತ್ರ ನೀವೇ ಬರೆಯಿರಿ.

ಬರೆಯುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಮೇಲಿರುವವರಿಂದ ಕಿತ್ತುಕೊಳ್ಳುವ ಬದಲು ಕೆಳಗಿರುವವರಿಗೆ ಕೊಡಿ. ಫೈರ್‌ಬಾಲ್ 8ಡಿ6 ಇದ್ದದ್ದು 6ಡಿ6 ಆದರೆ ವಿಝಾರ್ಡ್ ಆಡುವವರಿಗೆ ಅದು ಶಿಕ್ಷೆಯಂತೆ ಕಾಣುತ್ತದೆ, ಫೈಟರ್‌ಗೆ ಒಂದು ನಯಾಪೈಸೆ ಲಾಭ ಇಲ್ಲ. ಎರಡು ಮೂರು ಸೆಷನ್ ಆದ ಮೇಲೆ ಮತ್ತೆ ಆ ಹಾಳೆ ತೆಗೆದು ಹೋಲಿಸಿ. ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ.

ಮುಟ್ಟಬಾರದ ಸಂದರ್ಭಗಳು

ಹಾಳೆಯಲ್ಲಿ ಅಂತರ ಕಾಣುತ್ತಿದೆ, ಆದರೆ ಯಾರೂ ದೂರುತ್ತಿಲ್ಲ. ಆಗ ಸುಮ್ನೆ ಬಿಟ್ಟುಬಿಡಿ. 1987ರಲ್ಲಿ ಬಂದ ಆರ್ಸ್ ಮ್ಯಾಜಿಕಾ ಅನ್ನುವ ಆಟದಲ್ಲಿ ಮಂತ್ರವಾದಿಗಳು ಬೇಕಂತಲೇ ಎಲ್ಲರಿಗಿಂತ ಬಲಶಾಲಿಗಳು. ಆಟಗಾರರು ಒಂದು ಸಲ ಮಂತ್ರವಾದಿ, ಇನ್ನೊಂದು ಸಲ ಅವನ ಸಂಗಡಿಗ ಅಥವಾ ಕಾವಲಿನಾಳು ಆಗಿ ಸರದಿಯಲ್ಲಿ ಆಡುತ್ತಾರೆ. ಅಲ್ಲಿ ಸಮ ಇರಬೇಕಾದದ್ದು ಆಟಗಾರರ ಸರದಿ, ಪಾತ್ರಗಳ ಬಲವಲ್ಲ. ನಿಮ್ಮ ಗುಂಪಿನ ಫೈಟರ್ ಆಡುವವರಿಗೂ ಡೈಸ್ ಹಾಕಿ, ನಕ್ಕು, ಬಿರಿಯಾನಿ ತಿಂದು ಹೋಗುವುದೇ ಇಷ್ಟವಾಗಿರಬಹುದು. ಕೇಳಿ ನೋಡಿ. ಎಲ್ಲರೆದುರಲ್ಲ, ಒಬ್ಬರೇ ಸಿಕ್ಕಾಗ.

ಇನ್ನೊಂದು, ಒಂದೇ ಸೆಷನ್‌ನಲ್ಲಿ ಮುಗಿಯುವ ಆಟ. ಅಲ್ಲಿ ಸ್ಲಾಟ್ ಉಳಿಸಿಕೊಳ್ಳಲು ಯಾರಿಗೂ ಕಾರಣವೇ ಇರುವುದಿಲ್ಲ, ಮೇಲಿನ ರೆಸ್ಟ್ ಲೆಕ್ಕವೂ ನಡೆಯುವುದಿಲ್ಲ. ಅಂಥ ಕಡೆ ಕಥೆಯನ್ನು ಬೆಳಿಗ್ಗೆ ಶುರುಮಾಡದೆ ಮಧ್ಯಾಹ್ನದಿಂದ ಶುರುಮಾಡಿ. ಪಾರ್ಟಿ ಆಗಲೇ ಎರಡು ಯುದ್ಧ ಮುಗಿಸಿ ಬಂದಿದೆ, ಈಗಷ್ಟೇ ಶಾರ್ಟ್ ರೆಸ್ಟ್ ಆಗಿದೆ ಅಂತ ಹೇಳಿ. ವಿಝಾರ್ಡ್, ಕ್ಲೆರಿಕ್, ಡ್ರೂಯಿಡ್ ಮೂವರೂ ತಮ್ಮ ಸ್ಲಾಟುಗಳಲ್ಲಿ ಅರ್ಧವನ್ನು ತಾವೇ ಆರಿಸಿ ಹೊಡೆದುಹಾಕಲಿ. ಆರ್ಕೇನ್ ರಿಕವರಿಯೂ ಆಗಲೇ ಮುಗಿದಿದೆ. ಫೈಟರ್, ಮಾಂಕ್, ವಾರ್‌ಲಾಕ್ ಪೂರ್ತಿ ಬಲದಿಂದ ಶುರುಮಾಡಲಿ. ಬೆಳಗಿನ ಆ ಎರಡು ಯುದ್ಧ ಯಾರ ಜೊತೆ ಆಯಿತು ಅಂತ ಆಟಗಾರರೇ ಒಂದೊಂದು ಸಾಲು ಹೇಳಲಿ. ಅದಕ್ಕೆ ಐದು ನಿಮಿಷ ಸಾಕು.